ಮುಂಗಡ ಪಡೆದವರು ಮಾರಿಹೋದವರಲ್ಲ

ಕಾಫಿ ಕೊಯ್ಲು ಶುರುವಾಯಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಹಾಡಿಗಳಲ್ಲಿ ಮುದುಕರು, ಮಕ್ಕಳು ಮಾತ್ರ ಉಳಿಯುತ್ತಾರೆ. ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳು, ಅವರ ಜೊತೆ ಪಕ್ಕದೂರಿನ ದಲಿತ ಹೆಣ್ಣುಮಕ್ಕಳು ಬೆಳಕು ಹರಿಯುವ ಮುಂಚೆಯೇ ಜೀಪು ಹತ್ತಿ, ಆನೆಚೌಕೂರು ದಾಟಿ, ತಿತಿಮತಿ, ಗೋಣಿಕೊಪ್ಪದ ತೋಟಗಳಿಗೆ ಹೋಗುತ್ತಾರೆ. ಕೆಲವರು ಸಂಜೆಗೆ ಮರಳುತ್ತಾರೆ, ಕೆಲವರು ತಿಂಗಳುಗಟ್ಟಲೆ ಲೈನ್‌ಮನೆಯಲ್ಲೇ ಇರುತ್ತಾರೆ. ನಾಗರಹೊಳೆ ಕಾಡಿನಿಂದ ಹೊರಬಿದ್ದ 3,418 ಕುಟುಂಬಗಳಿಗೆ ಪುನರ್ವಸತಿ ಕೊಡಬೇಕೆಂದು ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲೇ ಹೇಳಿತ್ತು. ಕಾಲೂರಲು ಭೂಮಿಯಿಲ್ಲದವರಿಗೆ ಕೂಲಿಯಲ್ಲದೆ ಬೇರೆ ಗತಿಯಿಲ್ಲ.

ದುಡಿದದ್ದಕ್ಕೆ ನ್ಯಾಯವಾದ ಕೂಲಿ ಸಿಕ್ಕರೆ ನಾನು ಇದನ್ನು ಬರೆಯಬೇಕಿರಲಿಲ್ಲ. ತೊಡಕೆಲ್ಲ ಮುಂಗಡದಿಂದ ಶುರುವಾಗುತ್ತದೆ. ಮಳೆಗಾಲದಲ್ಲಿ ಕೆಲಸವಿಲ್ಲದಾಗಲೋ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದಾಗಲೋ ಮೇಸ್ತ್ರಿಯಿಂದ ಐದೋ ಹತ್ತೋ ಸಾವಿರ ಈಸಿಕೊಳ್ಳುತ್ತಾರೆ. ಎಷ್ಟು ಕೊಟ್ಟರು ಎಂಬುದು ಮೇಸ್ತ್ರಿಯ ಪುಸ್ತಕದಲ್ಲಿದೆ, ಎಷ್ಟು ತೀರಿತು ಎಂಬುದೂ ಅದೇ ಪುಸ್ತಕದಲ್ಲಿದೆ. ಬಟವಾಡೆಯ ದಿನ ರೇಷನ್ನಿಗೆ ಹಿಡಿದುಕೊಂಡರು, ಜೀಪಿನ ಬಾಡಿಗೆಗೆ ಹಿಡಿದುಕೊಂಡರು, ಜ್ವರದ ಮಾತ್ರೆಗೂ ಹಿಡಿದುಕೊಂಡರು. ಕೊಯ್ದ ಹಣ್ಣನ್ನು ತೂಗಿದವರೂ ಅವರೇ. ಕೊಯ್ಲು ಮುಗಿದರೂ ಸಾಲ ಮುಗಿಯುವುದಿಲ್ಲ. ಬೇರೆ ತೋಟಕ್ಕೆ ಹೋಗುತ್ತೇನೆ ಎಂದರೆ “ದುಡ್ಡು ಇಟ್ಟು ಹೋಗು” ಎನ್ನುತ್ತಾರೆ. ಎಲ್ಲ ಮಾಲೀಕರೂ ಹೀಗಲ್ಲ, ವಾರವಾರ ಚುಕ್ತಾ ಮಾಡುವವರೂ ಇದ್ದಾರೆ. ಆದರೆ ಹೀಗೆ ನಡೆದಾಗ ಅದನ್ನು “ನಮ್ಮ ಕಡೆ ಮಾಮೂಲು” ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಹೆಚ್ಚು ನೋವಾಗುವುದು ಅಲ್ಲೇ.

ಇದು ಮಾಮೂಲಲ್ಲ, ಅಪರಾಧ. ಕೊಟ್ಟ ಮುಂಗಡವನ್ನೇ ಮುಂದಿಟ್ಟುಕೊಂಡು ಒಬ್ಬರನ್ನು ಬೇರೆ ಕಡೆ ಕೆಲಸಕ್ಕೆ ಹೋಗದಂತೆ ತಡೆದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲ ವಜಾ, ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಂತೆ ಮುಂಗಡ, ರೇಷನ್ನು ಎಂದು ಏನೇ ಮುರಿದುಕೊಂಡರೂ ಒಟ್ಟು ಮುರಿತ ಕೂಲಿಯ ಅರ್ಧಕ್ಕಿಂತ ಹೆಚ್ಚಾಗುವಂತಿಲ್ಲ. ಬಾಕಿ ಕೂಲಿ ಕೇಳಿ ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ.

ಎಲ್ಲರೂ ಬಾಯಿಪಾಠ ಮಾಡಬೇಕಾದ ಮಾತು ಇನ್ನೊಂದಿದೆ. ಕೂಲಿ ಕೊಟ್ಟಿಲ್ಲ ಎಂದು ಕೆಲಸಗಾರ ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಎಂದು ರುಜುವಾತು ಮಾಡಬೇಕಾದವರು ಮಾಲೀಕರು. ಇದು ಜೀತ ಅಲ್ಲ ಎಂದು ತೋರಿಸುವ ಹೊಣೆಯೂ ಸಾಲ ಕೊಟ್ಟವರದೇ. “ನಮ್ಮ ಹತ್ತಿರ ಒಂದು ಕಾಗದವೂ ಇಲ್ಲವಲ್ಲ ಸ್ವಾಮಿ” ಎಂದು ಹಾಡಿಯವರು ಕೈಚೆಲ್ಲಬೇಕಾಗಿಲ್ಲ.

ಹಾಗಿದ್ದರೂ ಕಾಗದ ಇದ್ದರೆ ಬಲ ಹೆಚ್ಚು. ಅದಕ್ಕೇ ನನ್ನ ಮೊದಲ ಕೋರಿಕೆ ಹಾಡಿಯ, ಕಾಲೊನಿಯ ಓದಿದ ಹುಡುಗ ಹುಡುಗಿಯರಿಗೆ. ಹತ್ತನೇ ತರಗತಿ ಮುಟ್ಟಿದವರು ಒಬ್ಬರಿದ್ದರೂ ಸಾಕು, ಒಂದು ನೋಟ್‌ಬುಕ್ ತೆಗೆದಿಡಿ. ಯಾರು, ಯಾವ ತಾರೀಖು, ಯಾವ ತೋಟ, ಎಷ್ಟು ಕೆ.ಜಿ. ಹಣ್ಣು, ಕೈಗೆ ಬಂದ ದುಡ್ಡು, ಮುರಿದುಕೊಂಡದ್ದು, ಪಡೆದ ಮುಂಗಡ ಇವಿಷ್ಟನ್ನು ಆವತ್ತಾವತ್ತೇ ಬರೆಯಿರಿ. ಬರೆದ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಲು ಯಾರನ್ನೂ ಬಿಡಬೇಡಿ. ಆಧಾರ್ ಕಾರ್ಡು, ಎಟಿಎಂ ಕಾರ್ಡು ಮೇಸ್ತ್ರಿಯ ಕೈಸೇರಬಾರದು.

ಹುಣಸೂರು ಉಪವಿಭಾಗ ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯೇ. ಇಲ್ಲಿ ಜೀತದ ದೂರು ಹೋಗಬೇಕಾದದ್ದು ಹುಣಸೂರಿನ ಉಪವಿಭಾಗಾಧಿಕಾರಿಗೆ. ತೋಟ ಕೊಡಗಿನಲ್ಲಿದ್ದರೆ ಮಡಿಕೇರಿಗೂ ಒಂದು ಪ್ರತಿ ಕಳಿಸಿ. ಬರೀ ಕೂಲಿ ಬಾಕಿಯಾದರೆ ಕಾರ್ಮಿಕ ಇಲಾಖೆಗೆ ಹೋಗಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿಯಿದೆ, 15100ಕ್ಕೆ ಫೋನು ಮಾಡಿದರೂ ಆಯಿತು. ಒಬ್ಬೊಬ್ಬರಾಗಿ ಹೋದರೆ ಒಬ್ಬೊಬ್ಬರನ್ನೇ ಕರೆದು ಹೆದರಿಸುತ್ತಾರೆ. ಒಂದೇ ತೋಟದಲ್ಲಿ ದುಡಿದವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕಿ.

ಹೊಗೆಸೊಪ್ಪು ಬೆಳೆಯುವ ಅಣ್ಣತಮ್ಮಂದಿರೇ, ಬ್ಯಾರನ್ನಿನ ಮುಂದೆ ರಾತ್ರಿಯವರೆಗೂ ಕೂತು ಕಡ್ಡಿಗೆ ಸೊಪ್ಪು ಕಟ್ಟುವ ಹೆಂಗಸರ ಕೂಲಿಯನ್ನು ಹರಾಜಿನ ದುಡ್ಡು ಬರಲಿ ಎಂದು ತಡೆಹಿಡಿಯಬೇಡಿ. ಮಾರುಕಟ್ಟೆಯಲ್ಲಿ ದರ ಬಿದ್ದಾಗ ನಿಮಗಾಗುವ ಸಂಕಟ ನನಗೆ ಗೊತ್ತು. ಆ ನಷ್ಟವನ್ನು ಅವರ ಅನ್ನದ ಮೇಲೆ ಹಾಕುವುದು ಸರಿಯಲ್ಲ. ಕೆ.ಆರ್. ನಗರ ಕಡೆಯ ಕಬ್ಬು ಬೆಳೆಗಾರರೂ ಕಡಿಯಲು ಬರುವ ಗ್ಯಾಂಗಿನವರ ಲೆಕ್ಕವನ್ನು ಮೇಸ್ತ್ರಿಗೆ ಬಿಟ್ಟು ಕೈತೊಳೆದುಕೊಳ್ಳದಿರಲಿ.

ಕಾಯ್ದೆಯ ಪ್ರಕಾರ ಉಪವಿಭಾಗ ಮಟ್ಟದಲ್ಲಿ ಒಂದು ಜಾಗೃತಿ ಸಮಿತಿ ಇರಬೇಕು. ಕೊಯ್ಲಿಗೆ ಮುಂಚೆ ಅದರ ಸಭೆ ಹಾಡಿಗಳಲ್ಲೇ ನಡೆಯಲಿ ಎಂದು ನಾವು ಒತ್ತಾಯಿಸೋಣ. ಮೇಷ್ಟ್ರುಗಳೇ, ಆಶಾ ಕಾರ್ಯಕರ್ತೆಯರೇ, ಪಂಚಾಯಿತಿ ಸದಸ್ಯರೇ, ಯಾರಾದರೂ ಲೈನ್‌ಮನೆಯಿಂದ ತಪ್ಪಿಸಿಕೊಂಡು ಊರಿಗೆ ಬಂದರೆ, ಸಾವ್ಕಾರರ ಮಾತು ಕೇಳಿ ಅವರನ್ನು ಮತ್ತೆ ಕಳಿಸಬೇಡಿ. ಕೂತು ಅವರ ಅರ್ಜಿ ಬರೆದುಕೊಡಿ. ವಿಚಾರಣೆಯ ದಿನ ಹುಣಸೂರಿಗೋ ಮಡಿಕೇರಿಗೋ ಅವರ ಜೊತೆ ಹೋಗಿ. ಸಾಕ್ಷಿ ಹೇಳಲು ಕರೆದರೆ ದಯವಿಟ್ಟು ಹಿಂದೇಟು ಹಾಕಬೇಡಿ.