ಕೋವಿಯ ನಳಿಗೆ, ಬುಗುರಿಯ ಪಾಠ

ಪುತ್ತೂರು, ಸುಳ್ಯ, ಕಡಬದ ಅಡಿಕೆ ಕೃಷಿಕರ ಮನೆಗಳಲ್ಲಿ ಕೋವಿ ಅಪರೂಪದ ವಸ್ತುವೇನಲ್ಲ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಈ ಕೋವಿ ಚುನಾವಣೆ ಬಂತೆಂದರೆ ಪೊಲೀಸ್ ಠಾಣೆ ಸೇರುವುದೂ ಇಲ್ಲಿನ ಮಕ್ಕಳಿಗೆ ಗೊತ್ತು. ಆದರೆ ನಳಿಗೆಯೊಳಗಿನ ವಿಜ್ಞಾನ?

ತೋಟದ ಕೋವಿಗಳಲ್ಲಿ ಹೆಚ್ಚಿನವುಗಳ ನಳಿಗೆ ಒಳಗೆ ನುಣುಪು. ಚರೆ ಹಾರಿಸಲು ಅಷ್ಟು ಸಾಕು. ರೈಫಲಿನ ನಳಿಗೆಯೊಳಗಾದರೋ ಸುರುಳಿ ಸುರುಳಿಯಾದ ತೋಡುಗಳಿರುತ್ತವೆ. ಅವು ಗುಂಡನ್ನು ಕಚ್ಚಿ ಹಿಡಿದು ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಮಗುಚದೆ ಮೂತಿ ಮುಂದಾಗಿಯೇ ಸಾಗುತ್ತದೆ.

ತೋಡು ಎಷ್ಟು ಆಳವಿರಬೇಕು? ಕಪ್ಪು ಮದ್ದಿನ ಮಸಿ ಮೂಲೆಗಳಲ್ಲಿ ಕೂರಬಾರದೆಂದು ಇಂಗ್ಲೆಂಡಿನ ವಿಲಿಯಂ ಮೆಟ್‌ಫರ್ಡ್ ಆಳವಿಲ್ಲದ, ದುಂಡಂಚಿನ ತೋಡುಗಳನ್ನು ರೂಪಿಸಿದ. 1888ರ ಲೀ-ಮೆಟ್‌ಫರ್ಡ್ ರೈಫಲಿನಲ್ಲಿದ್ದುದು ಇಂಥ ಏಳು ತೋಡುಗಳು. ಬಳಿಕ ಬಂದ ಹೊಗೆಯಿಲ್ಲದ ಕಾರ್ಡೈಟ್ ಮದ್ದಿನ ಕಾವಿಗೆ ಅವು ಬೇಗನೆ ಸವೆದವು. ಹಾಗಾಗಿ 1895ರಲ್ಲಿ ಹೆಚ್ಚು ಆಳದ ಐದು ತೋಡುಗಳ ಲೀ-ಎನ್‌ಫೀಲ್ಡ್ ಬಂತು. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ 303 ರೈಫಲ್ ಇದರದೇ ಸಂತತಿ.

ಇನ್ನು ಗುಂಡಿನ ಮಾತು. ಸೀಸ ಮೆದು ಲೋಹ. 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬರಿಯ ಸೀಸದ ಗುಂಡು ವೇಗವಾಗಿ ಸಾಗಿದರೆ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಹಿಂದೆ ಕೊಬ್ಬು, ಮೇಣ, ಕಾಗದಗಳಿಂದ ಇದನ್ನು ತಡೆಯುತ್ತಿದ್ದರು. 1857ರ ಸಿಪಾಯಿಗಳ ಸಿಟ್ಟಿಗೆ ಕಾರಣಗಳಲ್ಲೊಂದು ಕೊಬ್ಬು ಸವರಿದ ತೋಟೆಯೇ ಅಲ್ಲವೇ? ಈಗ ವಿದೇಶಗಳ ಹವ್ಯಾಸಿ ಗುರಿಕಾರರು ಕಬ್ಬಿಣದ ಗೇಟು, ಬೀರುಗಳಿಗೆ ಹಚ್ಚುವ ಪೌಡರ್ ಕೋಟಿಂಗನ್ನೇ ಎರಕದ ಗುಂಡಿಗೂ ಕೊಡುತ್ತಾರೆ. ಈ ಗಟ್ಟಿ ಪದರ ಸೀಸ ನಳಿಗೆಗೆ ತಾಗದಂತೆ ಕಾಯುತ್ತದೆ. ಆದರೆ ತೋಡು ಆಳವಿಲ್ಲದಿದ್ದರೆ ಹಿಡಿತವೂ ಕಡಿಮೆ. ಗುಂಡು ಸಡಿಲವಿದ್ದರೆ ಅಥವಾ ತೀರಾ ಮೆದುವಾಗಿದ್ದರೆ ಸರಿಯಾಗಿ ತಿರುಗದೆ ಜಾರುತ್ತದೆ, ಗುರಿ ತಪ್ಪುತ್ತದೆ. ಮೇಲಿನ ಬಣ್ಣ ಮೆತ್ತುವುದನ್ನು ತಡೆದೀತು, ಅಳತೆಯ ದೋಷವನ್ನು ತಿದ್ದಲಾರದು.

ಹೆತ್ತವರಿಗೊಂದು ಮಾತು. ಸೀಸ ವಿಷ. ಮನೆಯಲ್ಲಿ ಅದನ್ನು ಕರಗಿಸಿದರೆ ಹೊಗೆ, ಧೂಳು ಮೊದಲು ಕಾಡುವುದು ಮಕ್ಕಳ ಮಿದುಳನ್ನು. ಇಷ್ಟು ಸೀಸ ದೇಹ ಸೇರಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚರೆ, ಬಲೆಯ ಸೀಸದ ಮಣಿ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರುವುದೂ ಸಲ್ಲದು. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಅಪರಾಧ.

ಕೋವಿ ಬೀಗದೊಳಗಿರಲಿ. ಅದರ ವಿಜ್ಞಾನ ಕಲಿಯಲು ಮಕ್ಕಳಿಗೆ ಬುಗುರಿಯೊಂದು ಸಾಕು.