ಹಾರ್ಟ್‌ಬೀಟ್ ನಿಂತ್ರೆ ಸರ್ವರ್ ಸತ್ತಿದೆ ಅಂತಲ್ಲ (ಭಾಗ 4)

ಜುಲೈನಲ್ಲಿ ಮಡಿಕೇರಿಯಿಂದ ಮನೆಗೆ ಫೋನ್ ಮಾಡಿ ನೋಡಿ. ಅರ್ಧ ಸಲ ‘ವ್ಯಾಪ್ತಿ ಪ್ರದೇಶದ ಹೊರಗೆ’ ಅಂತಾಳೆ ಅವಳು. ಆಗ ಯಾರಾದ್ರೂ ಅಜ್ಜನ ತಿಥಿಗೆ ಏರ್ಪಾಡು ಮಾಡ್ತೀರಾ? ಟವರ್‌ನಲ್ಲಿ ಡೀಸೆಲ್ ಮುಗಿದಿರಬೇಕು ಅಂತ ಸುಮ್ನಾಗ್ತೀರಿ.

ಕ್ಲಸ್ಟರ್ ಕಟ್ಟುವಾಗ ಮಾತ್ರ ಈ ಬುದ್ಧಿ ಇರಲ್ಲ ನಮಗೆ.

ನಮ್ಮ ಪ್ರಾಜೆಕ್ಟ್ ಗೊತ್ತಲ್ವಾ? ತೋಟದ ಮನೆಗಳ ಹಳೇ ಮಳೆ ಲೆಕ್ಕವನ್ನ, ಇಂಚು ಸೆಂಟು ಸಮೇತ, ಡೇಟಾಬೇಸ್‌ಗೆ ಹಾಕೋದು. ಒಂದು ಪಿಸಿ ಲ್ಯಾಬ್‌ನಲ್ಲಿ, ಇನ್ನೊಂದು ಲೈಬ್ರರಿಯಲ್ಲಿ. ಒಂದರಲ್ಲಿ ಬರೆದದ್ದನ್ನ ಡಿಆರ್‌ಬಿಡಿ ಇನ್ನೊಂದಕ್ಕೆ ನಕಲು ಮಾಡ್ತಿತ್ತು. ಎರಡಕ್ಕೂ ಯುಪಿಎಸ್ ಇತ್ತು. ಮೆಟ್ಟಿಲ ಕೆಳಗಿನ ಸ್ವಿಚ್‌ಗೆ ಮಾತ್ರ ಇರಲಿಲ್ಲ. ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯ್ತು, ಸ್ವಿಚ್ ಆರಿತು. ಲೈಬ್ರರಿ ಪಿಸಿ ‘ಅದು ಸತ್ತಿದೆ, ಇನ್ನು ನಾನೇ ಯಜಮಾನ’ ಅಂದ್ಕೊಂಡಿತು. ಲ್ಯಾಬ್‌ನದು ಮೊದಲೇ ಯಜಮಾನ! ಎರಡೂ ಕಡೆ ಜೂನಿಯರ್‌ಗಳು ಒಂದೂವರೆ ಗಂಟೆ ಟೈಪ್ ಮಾಡಿದ್ರು.

ಕರೆಂಟ್ ಬಂದಾಗ ಲಾಗ್‌ನಲ್ಲಿ ‘ಸ್ಪ್ಲಿಟ್ ಬ್ರೈನ್’. ಒಂದು ಕಡೆಯದನ್ನ ಎಸೀಲೇಬೇಕಿತ್ತು. ಲೈಬ್ರರಿಯದನ್ನ ಎಸೆದ್ವಿ. ಆ ಪುಸ್ತಕ ಅಷ್ಟೊತ್ತಿಗೆ ಮನೆಯವರಿಗೆ ವಾಪಸ್ ಹೋಗಿತ್ತು. ಟೈಪ್ ಮಾಡಿದ್ದವಳಿಗೆ ವಿಷಯ ಹೇಳೋಕೆ ಯಾರೂ ಮುಂದೆ ಬರಲಿಲ್ಲ.

ಗ್ರೂಪ್‌ನಲ್ಲಿ ಬಂದ ಮೊದಲ ಸಲಹೆ: ಟೋಕನ್ ಟೈಮ್‌ಔಟ್ ಏರಿಸಿ. ಈಗಿನ ಕೊರೊಸಿಂಕ್‌ನಲ್ಲಿ ಅದು 3000 ಮಿಲಿಸೆಕೆಂಡ್. 30 ಸೆಕೆಂಡ್ ಮಾಡಿದ್ರೂ ಏನಾಗ್ತಿತ್ತು? ನಮ್ಮೂರ ಮಳೆಗಾಲದ ಕರೆಂಟ್ ಅಷ್ಟರಲ್ಲಿ ಬರುತ್ತಾ? ಮೊದಲು ದಾರಿ ನೋಡಿ: ಕೇಬಲ್, ಸ್ವಿಚ್, ಸ್ವಿಚ್‌ನ ಪವರ್, ಫೈರ್‌ವಾಲ್‌ನಲ್ಲಿ ಯುಡಿಪಿ 5405. ಇವೆಲ್ಲ ಸರಿ ಇದ್ದು, ಲೋಡ್ ಜಾಸ್ತಿಯಾಗಿ ಉತ್ತರ ತಡ ಆಗ್ತಿದ್ರೆ ಮಾತ್ರ ಟೈಮ್‌ಔಟ್ ಮುಟ್ಟಿ.

ನಿಜವಾದ ತಪ್ಪು ಬೇರೆ. ಟ್ಯುಟೋರಿಯಲ್ ನೋಡ್ಕೊಂಡು ನಾವು ಸ್ಟೋನಿತ್ ಆಫ್ ಮಾಡಿದ್ವಿ. (ನೀವೂ ಮಾಡಿದ್ದೀರಿ, ಗೊತ್ತು.) ಇನ್ನೊಂದು ಯಂತ್ರ ನಿಜವಾಗಿ ಆಫ್ ಆಗಿದೆ ಅಂತ ಖಾತ್ರಿಯಾಗೋ ತನಕ ಅದರ ಕೆಲಸ ಕೈಗೆತ್ತಿಕೊಳ್ಳಬೇಡ ಅನ್ನೋದೇ ಅದರ ನಿಯಮ. ಅದು ಆನ್ ಇದ್ದಿದ್ರೆ ಲೈಬ್ರರಿ ಪಿಸಿಯಲ್ಲಿ ಬರೆಯೋಕೇ ಆಗ್ತಿರಲಿಲ್ಲ. ಕೆಲಸ ನಿಲ್ತಿತ್ತು. ನಿಲ್ಲಲಿ ಬಿಡಿ, ಎಸೆಯೋದಕ್ಕಿಂತ ವಾಸಿ.

ಇದು ಬರೀ ಕಾಲೇಜು ಹುಡುಗರ ಪಾಡಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಸಂಪರ್ಕ ಕಡಿದದ್ದು 43 ಸೆಕೆಂಡ್. ಅಷ್ಟರಲ್ಲಿ ಇನ್ನೊಂದು ತೀರದ ಡೇಟಾಬೇಸ್ ಯಜಮಾನ ಆಯ್ತು, ಎರಡೂ ಕಡೆ ಬೇರೆಬೇರೆ ಬರಹ ಉಳೀತು. ಸರಿಪಡಿಸೋಕೆ ಹಿಡಿದದ್ದು 24 ಗಂಟೆ 11 ನಿಮಿಷ.

ಈಗ ಸ್ವಿಚ್‌ಗೂ ಯುಪಿಎಸ್ ಬಂದಿದೆ. ಎರಡು ಪಿಸಿ ನಡುವೆ ಗೋಡೆಗುಂಟ ಇನ್ನೊಂದು ಕೇಬಲ್ ನೇರವಾಗಿ ಎಳೆದಿದ್ದೀವಿ. ಸ್ಟೋನಿತ್ ಆನ್. ಶನಿವಾರ ಆ ಪುಸ್ತಕ ಮತ್ತೆ ಕೇಳೋಕೆ ನಾನು ಹೋಗ್ತಿದ್ದೀನಿ, ಟೈಪ್ ಮಾಡೋಕೆ ಬರೋರು ಕೆಳಗೆ ಹೆಸರು ಹಾಕಿ.