ಕಡಲು ಕರಾವಳಿಯವರ ಸ್ವತ್ತೇ?

ಮಹಾಕಾವ್ಯವೆಂದ ಮೇಲೆ ಹದಿನೆಂಟು ವರ್ಣನೆಗಳಿರಬೇಕು, ಅವುಗಳಲ್ಲಿ ಸಮುದ್ರವರ್ಣನೆಯೂ ಒಂದು. ಈ ಮಾತನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಮರೆಯುತ್ತಾರೆ. ಸವಡಿಯಂಥ ಎರೆಸೀಮೆಯ ಊರುಗಳಿಂದ ಬಂದ ಈ ಮಕ್ಕಳಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರೆಷ್ಟು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಹೋದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ತಾನಾಗಿಯೇ ಎದ್ದು ನಿಂತ: "ಸರ, ಸಮುದ್ರದ ನೀರು ದಿನಾ ಏರತೈತಿ, ಇಳಿತೈತಿ ಅಂತಾರಲ್ರೀ, ಯಾಕ್ರೀ?" ಚಂದ್ರನ ಹೆಸರು ಹೇಳಿ ಜಾರಿಕೊಂಡೆ. "ದಿನಕ್ಕ ಒಂದ ಸಲಾನೋ, ಎರಡ ಸಲಾನೋ?" ಎಂದು ಮತ್ತೆ ಕೇಳಿದ. ಅಷ್ಟರಲ್ಲಿ ಗಂಟೆ ಬಾರಿಸಿತು. ನನ್ನ ಮಾನ ಉಳಿಯಿತು.

ಆ ಪ್ರಶ್ನೆಯ ಸಾಲ ತೀರಿಸಲೆಂದೇ ಹುಡುಗರನ್ನು ಕರಾವಳಿಗೆ ಕರೆದೊಯ್ದೆ. ಅಲ್ಲಿಯ ಒಂದು ವಿಜ್ಞಾನ ಸಂಸ್ಥೆಯ ಸಂಗ್ರಹಾಲಯಕ್ಕೆ ಹೋದೆವು. ಹೆಸರು ಬೇಡ, ಅದೊಂದರದೇ ತಪ್ಪಲ್ಲ. ಗಾಜಿನ ಭರಣಿಗಳಲ್ಲಿ ಮೀನುಗಳು, ಏಡಿಗಳು, ಚಿಪ್ಪುಗಳು. ಪ್ರತಿಯೊಂದರ ಮೇಲೂ ಲ್ಯಾಟಿನ್ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ವಿವರಣೆ. ಒಂದಕ್ಷರ ಕನ್ನಡವಿಲ್ಲ. ನಮ್ಮ ಹುಡುಗರು ಮೂಕರಾಗಿ ನಡೆದರು. ಕೊನೆಗೆ ಅವರಿಗೆ ಪಾಠ ಹೇಳಿದವಳು ಅಲ್ಲಿ ಕಸ ಗುಡಿಸುತ್ತಿದ್ದ ಮುದುಕಿ. "ಇದು ಬಂಗುಡೆ. ಅದು ತೊರಕೆ, ಅದರ ಬಾಲದ ಮುಳ್ಳು ತಾಗಿದ್ರೆ ಕೈ ಬಾತ್ಕೊಳ್ತದೆ." ಹುಡುಗರು ಅವಳನ್ನು ಸುತ್ತುವರಿದರು. ಶಾಸ್ತ್ರವು ಭರಣಿಯೊಳಗೇ ಉಳಿಯಿತು. ವಿದ್ಯೆಯನ್ನು ಹಂಚಿದವಳು ಪೊರಕೆ ಹಿಡಿದವಳು.

ನಮ್ಮಲ್ಲಿ ಕಡಲಿನ ಅಧ್ಯಯನ ನಡೆದಿಲ್ಲವೆಂದು ಯಾರೂ ಹೇಳುವಂತಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಷ್ಟು ಹಿಂದೆಯೇ ಹುಟ್ಟಿತು. ಮಂಗಳೂರಿನಲ್ಲಿಯೂ ಕಾರವಾರದಲ್ಲಿಯೂ ಅದರ ಕೇಂದ್ರಗಳಿವೆ. 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ನೆರೆಯ ಗೋವೆಯಲ್ಲಿದೆ. 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ತೆರೆಯಿತು. ದೇಶದಲ್ಲಿಯೇ ಅದು ಮೊದಲನೆಯದು. ಆ ಕಾಲೇಜು ಇಂದು ಸೇರಿರುವ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ. ಕಾರವಾರದ ಕಡಲತಡಿಯ ಸಾಗರ ಜೀವಶಾಸ್ತ್ರ ವಿಭಾಗ ನಡೆಯುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಎಂದರೆ ನಮ್ಮ ಗದಗ ಜಿಲ್ಲೆಯ ಕಾಲೇಜುಗಳು ಸೇರಿರುವ ಅದೇ ವಿಶ್ವವಿದ್ಯಾಲಯದಲ್ಲಿ. ಆಡಳಿತಕ್ಕೆ ಕಡಲು ಬಯಲುಸೀಮೆಗೆ ಸೇರಬಹುದು, ತಿಳಿವಳಿಕೆಗೆ ಮಾತ್ರ ಸೇರಬಾರದು! ಇದಾವ ನ್ಯಾಯ?

ವಿದ್ವಾಂಸರು ಎರಡು ಸಬೂಬು ಹೇಳುತ್ತಾರೆ. ಮೊದಲನೆಯದು, ಕನ್ನಡದಲ್ಲಿ ಪದಗಳಿಲ್ಲ ಎಂಬುದು. ಈ ಮಾತನ್ನು ಕುಮಟೆಯ ಹತ್ತಿರ ಅಘನಾಶಿನಿಯ ದಂಡೆಯಲ್ಲಿ ನಿಂತು ಹೇಳಲಿ. ನದಿ ಕಡಲನ್ನು ಸೇರುವ ಬಾಯಿಗೆ ಅಲ್ಲಿ ಅಳಿವೆ ಎನ್ನುತ್ತಾರೆ. ಉಪ್ಪುನೀರು ಏರುವ ಗದ್ದೆ ಗಜನಿ. ಆ ಉಪ್ಪನ್ನು ತಾಳಿ ಬೆಳೆಯುವ ಭತ್ತ ಕಗ್ಗ. ಕೆಸರಿನಲ್ಲಿ ಬೇರೂರುವ ಗಿಡ ಕಾಂಡ್ಲಾ. ನೀರಿಳಿದಾಗ ಹೆಂಗಸರು ಮಕ್ಕಳು ಹೆಕ್ಕುವ ಚಿಪ್ಪು ಬಳಚು. ಪದಗಳು ಕೊಳೆಯುವಷ್ಟಿವೆ, ಕೇಳುವ ಕಿವಿಗಳಿಲ್ಲ.

ಎರಡನೆಯದು, ವಿಜ್ಞಾನ ಜಗತ್ತಿನದು, ಅದಕ್ಕೆ ಪ್ರಾಂತಭಾಷೆಯ ಬೇಲಿ ಬೇಡ ಎಂಬುದು. ಒಪ್ಪಿದೆ. ಪ್ರಬಂಧವನ್ನು ಇಂಗ್ಲಿಷಿನಲ್ಲಿಯೇ ಬರೆಯಲಿ, ಪ್ಯಾರಿಸಿಗೂ ಟೋಕಿಯೋಗೂ ಕಳುಹಿಸಲಿ. ಆದರೆ ಟೋಕಿಯೋಗೆ ತಿಳಿದದ್ದು ತದಡಿಗೆ ತಿಳಿಯದಿದ್ದರೆ ಬೇಲಿ ಹಾಕಿದವರು ಯಾರು? ಅಮೆರಿಕೆಯ ರೇಚಲ್ ಕಾರ್ಸನ್ ಸರಕಾರದ ಮೀನುಗಾರಿಕಾ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ಅವರು 1951ರಲ್ಲಿ ಕಡಲನ್ನು ಕುರಿತು ಜನರ ಮಾತಿನಲ್ಲಿ ಬರೆದ ಪುಸ್ತಕವನ್ನು ಲಕ್ಷಾಂತರ ಜನ ಕೊಂಡು ಓದಿದರು. ಅದರಿಂದ ವಿಜ್ಞಾನದ ಗೌರವವೇನೂ ಕುಂದಲಿಲ್ಲ. ನಮ್ಮಲ್ಲಿಯೂ ಕೋಟದ ಶಿವರಾಮ ಕಾರಂತರು ಒಬ್ಬರೇ ಕುಳಿತು ಕನ್ನಡದಲ್ಲಿ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಒಬ್ಬರಿಗೆ ಸಾಧ್ಯವಾದದ್ದು ಇಷ್ಟು ಸಂಸ್ಥೆಗಳಿಗೆ ಆಗದೇ?

ಈ ಮೌನ ಬರಿಯ ಭಾಷಾಭಿಮಾನದ ಪ್ರಶ್ನೆಯಲ್ಲ. ಅದಕ್ಕೆ ಬೆಲೆ ತೆರುವವರಿದ್ದಾರೆ. ಹಿಂದೆ ನಮ್ಮ ಕರಾವಳಿಯಲ್ಲಿ ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯಿತ್ತು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂದಿತು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತಿ ಹಿಡಿಯುವ ಬಲೆಯದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಆ ಬದಲಾವಣೆಯ ಲೆಕ್ಕಾಚಾರ ಬಹುಪಾಲು ಇಂಗ್ಲಿಷಿನ ವರದಿಗಳಲ್ಲಿದೆ. ರಂಪಣಿ ಎಳೆದ ಕೈಗಳು ಆ ಪುಟಗಳನ್ನು ತಿರುವಿದ್ದುಂಟೇ?

ಇನ್ನೊಂದು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯಬಾರದೆಂದು ಸರಕಾರದ ಕಟ್ಟಳೆಯಿದೆ. ಮಳೆಗಾಲ ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವೆಂಬುದು ಶಾಸ್ತ್ರಜ್ಞರ ಕಾರಣ. ಮಳೆಯ ಅಬ್ಬರ ತಗ್ಗಿ, ನೂಲಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ದೋಣಿ ಇಳಿಸಬೇಕೆಂಬುದು ಹಿರಿಯರ ಸಂಪ್ರದಾಯ. ಎರಡೂ ಹೇಳುವುದು ಹೆಚ್ಚುಕಡಿಮೆ ಒಂದನ್ನೇ. ಆದರೆ ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಕನ್ನಡ, ತುಳು, ಕೊಂಕಣಿಗಳಲ್ಲಿ. ಇವೆರಡನ್ನು ಒಂದೇ ಜಗುಲಿಯಲ್ಲಿ ಕೂಡಿಸಿ ಮಾತನಾಡಿಸಿದ್ದರೆ ಕಟ್ಟಳೆ ಜುಲುಮೆಯೆನಿಸದೆ ತಮ್ಮದೇ ಮಾತೆನಿಸುತ್ತಿತ್ತು.

"ನಮಗ ಸಮುದ್ರ ಯಾಕ ಬೇಕ್ರೀ, ಕುಡಿಯಾಕ ನೀರು ಸಿಕ್ಕರ ಸಾಕು" ಎನ್ನುವ ನಮ್ಮ ಕಡೆಯ ಹಿರಿಯರಿಗೂ ಒಂದು ಮಾತು. ಅರಬ್ಬಿ ಸಮುದ್ರದ ಆವಿ ಸಹ್ಯಾದ್ರಿಗೆ ಬಡಿದು ಕಣಕುಂಬಿಯ ಕಡೆ ಸುರಿದರೆ ಮಲಪ್ರಭೆ ತುಂಬುತ್ತದೆ. ಅದೇ ಹೊಳೆ ನಮ್ಮ ಸೀಮೆಯನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ರೋಣ, ನರಗುಂದ ತಾಲೂಕುಗಳ ಹೊಳೆದಂಡೆಯ ಮನೆಗಳಿಗೆ ನುಗ್ಗಿದ ನೀರು ಎಲ್ಲಿಂದ ಎದ್ದದ್ದು? ಕಡಲು ಬಿಸಿಯಾದರೆ ಮಳೆಯ ನಡೆ ಕೆಡುತ್ತದೆ. ಮಳೆಯ ನಡೆ ಕೆಟ್ಟರೆ ನಮ್ಮ ಎರೆಹೊಲದ ಬಿತ್ತನೆ ಕೆಡುತ್ತದೆ. ಲೋಕ ಈ ನಂಟನ್ನು ನಮಗಿಂತ ಚೆನ್ನಾಗಿ ಬಲ್ಲದು. ರಾಮ್ಸಾರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಅಘನಾಶಿನಿಯ ಅಳಿವೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂದಾಗ, ಅದೇ ಪ್ರಕಟಣೆಯಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಸರೂ ಇತ್ತು.

ತಪ್ಪು ವಿಜ್ಞಾನಿಗಳೊಬ್ಬರದೇ ಅಲ್ಲ. ಅವರಲ್ಲಿ ಕೆಲವರು ಕನ್ನಡದಲ್ಲಿ ಬರೆಯುತ್ತಾರೆ, ಶಾಲೆಗಳಿಗೆ ಹೋಗುತ್ತಾರೆ, ಅವರಿಗೆ ನಮಸ್ಕಾರ. ಅವರ ಬೆನ್ನಿಗೆ ನಿಲ್ಲಬೇಕಾಗಿದ್ದ ನಾವು, ಕನ್ನಡದ ಮೇಷ್ಟರುಗಳು, ಎಲ್ಲಿದ್ದೆವು? ಹದಿನೆಂಟು ವರ್ಣನೆ ಎಣಿಸುತ್ತಿದ್ದೆವು. ಕರಾವಳಿಯ ಪದಗಳನ್ನು ಕಲೆಹಾಕುವುದು, ವರದಿಗಳನ್ನು ತಿಳಿಗನ್ನಡಕ್ಕೆ ತರುವುದು ನಮ್ಮ ಕೆಲಸವಾಗಿತ್ತು. ಇನ್ನಾದರೂ ಮೂರು ಸಂಗತಿಗಳು ಆಗಲಿ. ಸಾರ್ವಜನಿಕರ ಹಣದಿಂದ ನಡೆದ ಪ್ರತಿಯೊಂದು ಸಂಶೋಧನೆಗೂ ನಾಲ್ಕು ಪುಟದ ಕನ್ನಡ ಸಾರಾಂಶ ಕಡ್ಡಾಯವಾಗಲಿ. ಪ್ರತಿಯೊಂದು ಭರಣಿಯ ಮೇಲೆ ಲ್ಯಾಟಿನ್ ಹೆಸರಿನ ಜೊತೆಗೆ ಮೀನುಗಾರರು ಇಟ್ಟ ಹೆಸರೂ ಇರಲಿ. ಬಯಲುಸೀಮೆಯ ಕಾಲೇಜುಗಳ ಹುಡುಗರು ವರ್ಷಕ್ಕೊಮ್ಮೆ ಕಡಲ ಪ್ರಯೋಗಶಾಲೆಯನ್ನು ಕಾಣಲಿ.

ಆ ಹುಡುಗನ ಸಾಲವನ್ನು ತೀರಿಸಿದೆ. ನಮ್ಮ ಕರಾವಳಿಯಲ್ಲಿ ಉಬ್ಬರ ದಿನಕ್ಕೆ ಎರಡು ಸಲ; ಪ್ರತಿದಿನವೂ ಸುಮಾರು 50 ಮಿನಿಟು ತಡವಾಗಿ ಬರುತ್ತದೆ, ಚಂದ್ರನೂ ಅಷ್ಟೇ ತಡವಾಗಿ ಮೂಡುವುದರಿಂದ. ಇಷ್ಟನ್ನು ಹೇಳಲು ನನಗೆ ಒಂದೇ ಒಂದು ಇಂಗ್ಲಿಷ್ ಪಾರಿಭಾಷಿಕ ಪದವೂ ಬೇಕಾಗಲಿಲ್ಲ.